ಬೆಟ್ಟದ ಸೀಮೆಯಲ್ಲಿ ಜಪಾನಿನ ಬೆಕ್ಕು

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆಯನ್ನು ಸಮೀಪಿಸುವ ವೇಳೆಗೆ ನೆಲದ ಸ್ವರೂಪವೇ ಬದಲಾಗುತ್ತದೆ. ತೆಂಗು ಅಡಕೆಗಳ ತಂಪು ಹಿಂದೆ ಸರಿದು ಬಂಡೆಗಳ ರಾಜ್ಯ ಆರಂಭವಾಗುತ್ತದೆ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಕಡೆಗೆ ಆಕಾಶಕ್ಕೆ ಒರಗಿ ನಿಂತ ಏಕಶಿಲೆಯ ಮಧುಗಿರಿ! ಕಳೆದ ದಸರೆಯ ರಜೆಯಲ್ಲಿ ನಾನು ಈ ದಾರಿ ಹಿಡಿದದ್ದು ಕೋಟೆಗಳನ್ನು ಹತ್ತುವುದಕ್ಕಲ್ಲ. ಕಾರಣ ಹೇಳಿದರೆ ಓದುಗರು ನಕ್ಕಾರು: ನಾನು ಹೊರಟಿದ್ದುದು ಜಪಾನಿನ ಸಂಶೋಧನೆಗೆ.

ಜಪಾನಿನ ಜನಪ್ರಿಯ ಸಂಸ್ಕೃತಿ ಹೊರನಾಡುಗಳ ಮೇಲೆ ಬೀರಿರುವ ಪ್ರಭಾವವನ್ನು ಕುರಿತು ವಿಚಾರಗೋಷ್ಠಿಯೊಂದರಲ್ಲಿ ಮಾತನಾಡುವ ಹೊಣೆ ನನ್ನ ಕೊರಳಿಗೆ ಬಿದ್ದಿತ್ತು. ಪಂಪ, ಕುಮಾರವ್ಯಾಸರನ್ನು ಪಾಠ ಹೇಳುವವನಿಗೆ ಚಿತ್ರಕಥೆಗಳ ಗೊಡವೆ ಎಲ್ಲಿಯದು? ಅನಿವಾರ್ಯವಾಗಿ ಓದತೊಡಗಿದೆ. ಓದಿದಂತೆಲ್ಲ ಬೆರಗಾಯಿತು. ನಾವು ಮಕ್ಕಳಾಟವೆಂದು ತಳ್ಳಿಹಾಕುವ ಈ ಬೊಂಬೆಗಳ ಮೇಲೆ ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಗಳೇ ಹುಟ್ಟಿವೆ. ಕೊಯಿಚಿ ಇವಾಬುಚಿ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೊಗಸಾದ ಮಾತಿದೆ. ಸರಕುಗಳಿಗೂ ತವರಿನ ವಾಸನೆ ಇರುತ್ತದೆ. ಜಪಾನು ಹೊರಗೆ ಕಳುಹಿಸಿ ಗೆದ್ದ ಸರಕುಗಳಲ್ಲಿ ಬಹುಮಟ್ಟಿಗೆ ಆ ವಾಸನೆ ಇಲ್ಲ ಎಂಬುದು ಅವರ ವಾದದ ತಿರುಳು. ವಾಸನೆ ಇಲ್ಲದ್ದು ಎಲ್ಲರ ಮನೆಯನ್ನೂ ಹೊಗಬಲ್ಲುದು. ಈ ಮಾತು ನಮ್ಮ ಸೀಮೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುವುದೆಂದು ನೋಡುವ ಆಸೆಯಾಯಿತು.

ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಜಪಾನಿ ಉದ್ದಿಮೆಗಳಿಗೆಂದೇ ಒಂದು ಪಟ್ಟಣದ ಯೋಜನೆಯಾದ ಸಂಗತಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಆದರೆ ಕಾರ್ಖಾನೆಯ ದಾರಿ ಕಾಯದೆ ಬೆಕ್ಕು ಮೊದಲೇ ಬಂದುಬಿಟ್ಟಿತ್ತು. ಮಧುಗಿರಿಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ, ಬಾಳೆಹಣ್ಣಿನ ಗೊನೆಗಳ ಪಕ್ಕದಲ್ಲಿ, ಶಾಲೆಯ ಚೀಲಗಳು ತೂಗಾಡುತ್ತಿದ್ದವು. ನಾಲ್ಕರಲ್ಲಿ ಮೂರರ ಮೇಲೆ ಕಿವಿಯಿಲ್ಲದ ಒಂದು ನೀಲಿ ಬೆಕ್ಕು ನಗುತ್ತಿತ್ತು. ಅದೇ ಡೋರೆಮಾನ್. ಫುಜಿಕೊ ಎಫ್. ಫುಜಿಯೊ ಎಂಬ ಚಿತ್ರಕಾರರು 1969ರಲ್ಲಿ ಹುಟ್ಟಿಸಿದ ಈ ಬೆಕ್ಕನ್ನು 2008ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ತನ್ನ ಚಿತ್ರರಾಯಭಾರಿಯನ್ನಾಗಿ ನೇಮಿಸಿತು. ರಾಯಭಾರಿಗೆ ಮಧುಗಿರಿಯಲ್ಲಿ ಸಿಕ್ಕ ಆಸನ ಬಾಳೆಗೊನೆಯ ಮಗ್ಗುಲು!

ಪಾವಗಡದಲ್ಲಿ ನನ್ನ ಸಹಪಾಠಿಯೊಬ್ಬರ ಮನೆಯಿದೆ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ತಾಲ್ಲೂಕು ಇದು. ಅನೇಕ ಮನೆಗಳಲ್ಲಿ ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಮಿತ್ರರ ಒಂಬತ್ತು ವರ್ಷದ ಮಗ ಈ ಎರಡರ ಜೊತೆಗೆ ನಿರರ್ಗಳವಾಗಿ ಹಿಂದಿಯನ್ನೂ ಆಡುವುದನ್ನು ಕೇಳಿ ಬೆಚ್ಚಿದೆ. ಯಾರು ಕಲಿಸಿದರೆಂದರೆ, "ಡೋರೆಮಾನ್" ಎಂದ.

"ಆ ಬೆಕ್ಕು ಯಾವ ಊರಿನದಪ್ಪ?" ಎಂದೆ.

"ದಿಲ್ಲಿದು ಮಾಮ. ಹಿಂದಿ ಮಾತಾಡುತ್ತಲ್ಲ!"

ಇವಾಬುಚಿಯವರ ಮಾತು ಗೆದ್ದಿತೆಂದುಕೊಂಡೆ. ಟೋಕಿಯೊ ನಗರದ ಬೆಕ್ಕು ಪಾವಗಡಕ್ಕೆ ಬರುವಷ್ಟರಲ್ಲಿ ತನ್ನ ತವರನ್ನು ಕಳೆದುಕೊಂಡು ದಿಲ್ಲಿಯದಾಗಿತ್ತು. ಈ ಪ್ರಭಾವ ಹುಡುಗಾಟದ್ದೇನೂ ಅಲ್ಲ. ಹಿಂದಿಯ ಡೋರೆಮಾನ್ ನೋಡಿ ತಮ್ಮ ಮಕ್ಕಳು ಬಂಗಾಳಿಯನ್ನು ಬಿಟ್ಟು ಹಿಂದಿಯಾಡುತ್ತಿದ್ದಾರೆಂದು 2013ರಲ್ಲಿ ಬಾಂಗ್ಲಾದೇಶವು ಆ ಪ್ರಸಾರವನ್ನೇ ನಿಷೇಧಿಸಿತು. ಜಪಾನಿನ ಬೆಕ್ಕಿನಿಂದ ಲಾಭವಾದದ್ದು ಹಿಂದಿಗೆ!

ಆದರೆ ಆ ಸಂಜೆ ನನ್ನ ತೀರ್ಮಾನ ತಲೆಕೆಳಗಾಯಿತು. ಹುಡುಗ ತಾಯಿಯ ಮೊಬೈಲಿನಲ್ಲಿ ಬೆಕ್ಕಿನ ಆಟ ತೋರಿಸುತ್ತ, ಅದಕ್ಕೆ ಪ್ರಾಣವಾದ ದೊರಯಾಕಿ ಎಂಬ ತಿಂಡಿಯನ್ನು ಬಣ್ಣಿಸತೊಡಗಿದ. ಎರಡು ದುಂಡನೆಯ ಮೆತ್ತನೆಯ ಬಿಲ್ಲೆಗಳು, ನಡುವೆ ಕಾಳು ಬೇಯಿಸಿ ಸಿಹಿ ಬೆರೆಸಿ ಅರೆದ ಮುದ್ದೆ. ಒಲೆಯ ಮುಂದಿದ್ದ ಅಜ್ಜಿ ತಿರುಗಿ ನೋಡಿದರು.

"ಹಂಗಾರೆ ಅದು ಹೂರಣ ಕಣಪ್ಪ! ಓಳಿಗೇನ ಬ್ಯಾರೆ ಥರ ಮಾಡವ್ರೆ, ಅಷ್ಟೇಯ."

ಗ್ರಂಥಗಳಲ್ಲಿ ದೊರೆಯದ ಒಂದು ಸತ್ಯ ಅಡುಗೆಮನೆಯಲ್ಲಿ ದೊರೆಯಿತು. ಬೆಕ್ಕಿಗೆ ವಾಸನೆ ಇತ್ತು! ಚಾಪೆ ಹಾಸಿದ ಕೋಣೆ, ಸರಿಸುವ ಬಾಗಿಲು, ಸಿಹಿ ಹೂರಣ, ಇವೆಲ್ಲವೂ ಆ ಕತೆಯೊಳಗೆ ಕುಳಿತೇ ಬಂದಿದ್ದವು. ಹುಡುಗನಿಗೆ ಊರಿನ ಹೆಸರು ತಿಳಿಯದು. ಆದರೆ ಆ ಮನೆಯ ಮೂಲೆಮೂಲೆ ಬಲ್ಲ.

ಮರುದಿನ ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ಶಿರಾದ ಕಡೆ ಹೊರಟೆ. ಪಾವಗಡದ ಐದು ಹಳ್ಳಿಗಳ ಸುಮಾರು 13,000 ಎಕರೆ ಗುತ್ತಿಗೆ ನೆಲದಲ್ಲಿ 2019ರ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನ ಪೂರ್ಣಗೊಂಡಿತು. ಬಿಸಿಲು ಈಗ ಆ ಸೀಮೆಯ ಬೆಳೆ. ಬೇಲಿಯ ಆಚೆ ಕುರಿಮಂದೆಯೊಂದು ಮೇವು ಹುಡುಕುತ್ತ ಸಾಗಿತ್ತು.

ಶಿರಾಕ್ಕೆ ಪರರ ಪ್ರಭಾವ ಹೊಸದಲ್ಲ. ಅಲ್ಲಿ 1651ರ ಮಲಿಕ್ ರಿಹಾನನ ಗೋರಿಯಿದೆ, 1696ರ ಜುಮ್ಮಾ ಮಸೀದಿಯಿದೆ. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿಯ ಮೊಗಲರ ತೋಟವೇ ಮಾದರಿಯಾಯಿತೆಂದು ಹೇಳುತ್ತಾರೆ. ನಾನು ಹೋಗಬೇಕಾಗಿದ್ದುದು ಇವುಗಳಿಗಲ್ಲ, ಒಂದು ಗೊಲ್ಲರಹಟ್ಟಿಗೆ. ಜುಂಜಪ್ಪ ಕಾಡುಗೊಲ್ಲರ ವೀರ, ದನಕರುಗಳ ಕಾವಲಿನ ದೈವ. ಈ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆಯಿದೆ. ಗಣೆ ಎಂಬ ಉದ್ದನೆಯ ಬಿದಿರುಕೊಳಲನ್ನು ಊದುತ್ತ ಅವನ ಕತೆ ಹಾಡುತ್ತಾರೆ. ಹಟ್ಟಿಯ ವೃದ್ಧರೊಬ್ಬರ ಗಣೆ ಕೇಳಿ ಧ್ವನಿಮುದ್ರಿಸಿಕೊಳ್ಳುವೆನೆಂದು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದೆ. ಪರೀಕ್ಷೆ, ಉತ್ತರಪತ್ರಿಕೆ, ಆ ಕೆಲಸ, ಈ ಕೆಲಸವೆಂದು ಮುಂದೂಡಿದವನು ನಾನೇ.

ತಾತ ಗೋಡೆಗೆ ಒರಗಿಸಿದ್ದ ಗಣೆಯನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲಿಯೇ ಇಟ್ಟರು.

"ಹಲ್ಲು ಹೋದ್ಮ್ಯಾಲೆ ಗಣೆ ನನ್ನ ಮಾತು ಕೇಳಾಕಿಲ್ಲ ಸ್ವಾಮಿ. ಪದ ಅವೆ, ಉಸಿರಿಲ್ಲ. ಹೋದ್ ವರ್ಷ ಬಂದಿದ್ರೆ ಕೇಳಬೋದಿತ್ತು."

ನಾನು ತಲೆ ತಗ್ಗಿಸಿದೆ. ತೀ. ನಂ. ಶಂಕರನಾರಾಯಣರಂಥ ವಿದ್ವಾಂಸರು ಕಾಡುಗೊಲ್ಲರ ಬದುಕನ್ನು ಕುರಿತು ಶ್ರಮಿಸಿದ್ದಾರೆ, ನಿಜ. ಆದರೆ ಹಾಡುಗಾರರು ಹತ್ತಾದರೆ ಕತೆಯೂ ಹತ್ತು ಬಗೆ. ಈ ತಾತನ ಗಣೆಯ ದನಿ ಈ ತಾತನೊಡನೆಯೇ ಹೋಯಿತು.

ಆಗ ನನಗೆ ನೆನಪಾದುದು 1910ರ ಜಪಾನು. ಯಾನಗಿತ ಕುನಿಯೊ ಎಂಬ ಸರ್ಕಾರಿ ಅಧಿಕಾರಿ ಟೋನೊ ಎಂಬ ಗುಡ್ಡಗಾಡಿನ ಊರಿನ ತರುಣನೊಬ್ಬನನ್ನು ಕೂರಿಸಿಕೊಂಡು ಅವನು ಹೇಳಿದ 119 ಐತಿಹ್ಯಗಳನ್ನು ಬರೆದು ಅಚ್ಚು ಹಾಕಿಸಿದರು. ಮೊದಲ ಮುದ್ರಣ 350 ಪ್ರತಿ ಮಾತ್ರ. ಜಪಾನಿನ ಜಾನಪದ ಅಧ್ಯಯನಕ್ಕೆ ಅದು ನಾಂದಿಯಾಯಿತು. ಯಾನಗಿತ ಮುಂದೆಯೂ ಹಳ್ಳಿಹಳ್ಳಿಯ ದೆವ್ವ ಪಿಶಾಚಿಗಳ ಸಂಗತಿಗಳನ್ನು ಕೂಡಿಡುತ್ತಲೇ ಹೋದರು. 1960ರ ದಶಕದಲ್ಲಿ ಮಿಝುಕಿ ಶಿಗೇರು ಎಂಬ ಚಿತ್ರಕಾರರು ಆ ಸಂಗ್ರಹದಿಂದ ದೆವ್ವಗಳನ್ನು ಆಯ್ದು ಕಿತಾರೊ ಎಂಬ ಹುಡುಗನ ಚಿತ್ರಕಥೆಯೊಳಗೆ ಕುಣಿಸಿದರು. ದೇಶದ ಮಕ್ಕಳೆಲ್ಲ ಕುಣಿದರು. ಇಂದು ಜಗತ್ತು ಬೆರಗಿನಿಂದ ಅಭ್ಯಸಿಸುವ ಬೊಂಬೆಗಳ ಹಿಂದೆ, ಹಳ್ಳಿಯವನೊಬ್ಬನ ಮುಂದೆ ಲೇಖನಿ ಹಿಡಿದು ಕುಳಿತ ವಿದ್ವಾಂಸನೂ ಇದ್ದಾನೆ. ಜಪಾನಿನ ಪ್ರಭಾವವನ್ನು ಕುರಿತು ಗೋಷ್ಠಿ ನಡೆಸುವ ನಾವು ಕಲಿಯಬೇಕಾದುದು ಬೆಕ್ಕಿನಿಂದಲ್ಲ, ಆ ಲೇಖನಿಯಿಂದ.

ತಾತ ಗಣೆಯಿಲ್ಲದೆಯೇ, ಬರಿಯ ಮಾತಿನಲ್ಲಿ, ಕತೆ ಆರಂಭಿಸಿದರು. ನಾನು ಮುದ್ರಿಸಿಕೊಂಡೆ. ನಡುನಡುವೆ ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎಂದು ಕೇಳುತ್ತಿದ್ದವನು ನೀಲಿ ಬೆಕ್ಕಿನ ಚೀಲ ಹೊತ್ತ ಹುಡುಗ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಪುಸ್ತಕ ತೆಗೆದು ಚಿತ್ರ ಬರೆಯತೊಡಗಿದ. ಹಿಂದೆ ಹಿಂಡುದನ, ಕೈಯಲ್ಲಿ ತಲೆಯನ್ನೂ ಮೀರಿದ ಗಣೆ. ಕಣ್ಣುಗಳು ಮಾತ್ರ ಜಪಾನಿ ಬೊಂಬೆಯಂತೆ ಅಗಲ, ದುಂಡಗೆ. ತಿದ್ದೋಣವೆಂದು ಬಾಯಿ ತೆರೆದವನು ಸುಮ್ಮನಾದೆ. ಕಣ್ಣು ಯಾರದಾದರೇನು, ಜುಂಜಪ್ಪ ಪುಟಕ್ಕೆ ಬಂದನಲ್ಲ!

ಗೋಷ್ಠಿಯ ಪ್ರಬಂಧ ಇನ್ನೂ ಬರೆದಾಗಿಲ್ಲ. ಉಳಿದ ಕತೆ ಕೇಳುವುದಕ್ಕೆ ಬರುವ ತಿಂಗಳೇ ಹಟ್ಟಿಗೆ ಬರುತ್ತೇನೆಂದು ತಾತನಿಗೆ ಮಾತು ಕೊಟ್ಟಿದ್ದೇನೆ. ಈ ಸಲ ಮುಂದೂಡಲಾರೆ.