ಗಿಡಗಳ ಬಿಸಿಲುಬುದ್ಧಿ

ಯುಗಾದಿಯ ಆಸುಪಾಸಿನಲ್ಲಿ ಮಾವಿನ ಮರದ ಕೆಳಗೆ ನಿಂತವರೆಲ್ಲ ಹೂವೆಷ್ಟು, ಮಿಡಿಯೆಷ್ಟು ಎಂದು ಲೆಕ್ಕ ಹಾಕುತ್ತಾರೆ. ನನ್ನ ಕಣ್ಣು ಹೋಗುವುದು ಚಿಗುರಿನ ಕಡೆಗೆ. ಹಸಿರಾಗುವ ಮೊದಲು ಆ ಎಳೆ ಎಲೆಗಳು ಕೆಲವು ದಿನ ತಾಮ್ರದ ಬಣ್ಣದಲ್ಲಿ ಜೋಲುತ್ತವಲ್ಲ, ಆ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಎಳೆಯ ಎಲೆಗೆ ಬಿಸಿಲನ್ನು ಪೂರ್ತಿ ಅರಗಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೆಚ್ಚಿನ ಬೆಳಕು ಅದನ್ನು ಘಾಸಿಗೊಳಿಸದಂತೆ ಈ ಬಣ್ಣ ಕಾಯುತ್ತದೆ ಎನ್ನುವುದು ಸಸ್ಯವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲೊಂದು. ಬಲಿತ ಎಲೆಗಳಿಗೂ ಕಾವಲಿದೆ. ಹೊರಪದರದ ಕೋಶಗಳಲ್ಲಿ ಫ್ಲೇವನಾಯ್ಡ್‌ಗಳನ್ನು ತುಂಬಿಕೊಂಡು ಅವು ಅತಿನೇರಳೆ ಕಿರಣಗಳನ್ನು ಅಲ್ಲೇ ಹೀರಿಬಿಡುತ್ತವೆ. ಬಿಸಿಲು ಜೋರಾದರೆ ನಾವು ಜಗಲಿಗೆ ಬಂದು ಕೂರುತ್ತೇವೆ. ಮರ ಎಲ್ಲಿಗೆ ಹೋಗಬೇಕು?

ಮನುಷ್ಯ ಚರ್ಮ ಕಾಯುವ ಲೇಪಗಳನ್ನು ಹುಡುಕಲು ಹೊರಟಾಗ ಮೊದಲು ಕೈಚಾಚಿದ್ದೂ ಗಿಡಗಳತ್ತಲೇ. 1878ರಲ್ಲೇ ವೈಲ್ ಎಂಬ ಯುರೋಪಿನ ವೈದ್ಯರು ಟ್ಯಾನಿನ್ ಹಚ್ಚಿದರೆ ಬಿಸಿಲು ತಡೆಯುತ್ತದೆಂದು ಬರೆದರು. ನಮ್ಮ ಅಡಿಕೆಯ ಚೊಗರು, ಚಹಾದ ಒಗರು, ಎರಡೂ ಇದೇ ಕುಲದವು. ಆದರೆ ಅದು ಚರ್ಮಕ್ಕೆ ಕಲೆ ಹಿಡಿಸುತ್ತಿತ್ತು, ಹಾಗಾಗಿ ಬಳಕೆಗೆ ಬರಲಿಲ್ಲ. ಆಮೇಲೆ ಸಿಂಕೋನಾ ತೊಗಟೆಯ ಕ್ವಿನೈನ್ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಊನಾ ಅವರು ಹಾರ್ಸ್ ಚೆಸ್ಟ್‌ನಟ್ ಮರದ ಎಸ್ಕ್ಯುಲಿನ್ ತಂದರು.

ಸ್ನಾನದ ಪುಡಿಗೆ ಪರಿಮಳಕ್ಕೆಂದು ಬೀಳುವ ಗೆಡ್ಡೆಯೊಂದಿದೆ, ಕೇರಳದವರು ಕಚ್ಚೋಲಂ ಎನ್ನುತ್ತಾರೆ. ಅದರ ಘಮದ ಹಿಂದಿರುವ ಮುಖ್ಯ ವಸ್ತು ಈಥೈಲ್ ಮೆಥಾಕ್ಸಿಸಿನಮೇಟ್. ಜಗತ್ತಿನಾದ್ಯಂತ ಸನ್‌ಸ್ಕ್ರೀನ್‌ಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಆಕ್ಟಿನಾಕ್ಸೇಟ್ ಇದರ ಖಾಸಾ ದಾಯಾದಿ. ಅಣುವಿನ ಬಾಲವೊಂದು ಬೇರೆ, ಅಷ್ಟೆ. ಆ ದಾಯಾದಿ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಳದ ದಿಬ್ಬಗಳ ರಕ್ಷಣೆಗೆಂದು ಹವಾಯಿ ರಾಜ್ಯ 2021ರಿಂದ ನಿಷೇಧಿಸಿತು. ಹಾಗಾದರೆ ಕಚ್ಚೋಲದ ಪುಡಿಯನ್ನೇ ಮುಖಕ್ಕೆ ಬಳಿದುಕೊಂಡರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ. ಗೆಡ್ಡೆಯಲ್ಲಿ ಅಣು ಇರುವುದು ಒಂದು ಮಾತು, ಅದು ಚರ್ಮದ ಮೇಲೆ ಸಮವಾಗಿ ಹರಡಿ, ಬೆವರಿಗೆ ಹರಿದುಹೋಗದೆ, ಬಿಸಿಲಿಗೆ ಒಡೆಯದೆ ಕೂರುವುದು ಬೇರೆಯೇ ಮಾತು.

ಅರಿಸಿನವನ್ನೇ ನೋಡಿ. ಬಿಳಿ ಪಂಚೆಗೆ ಸಾರು ಚೆಲ್ಲಿ ಹಳದಿ ಕಲೆಯಾದರೆ ಒಗೆದು ಬಿಸಿಲಿಗೆ ಹಾಕು ಎನ್ನುತ್ತಾರೆ ಮನೆಯ ಹಿರಿಯರು. ಸಂಜೆಯ ಹೊತ್ತಿಗೆ ಕಲೆ ಮಾಯವಾಗಿರುತ್ತದೆ, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವ ವಸ್ತು. ಬಟ್ಟೆಯ ಮೇಲೆ ಬಿಸಿಲಿಗೆ ನಿಲ್ಲದ್ದು ಕೆನ್ನೆಯ ಮೇಲೆ ನಿಂತು ಕಾಯುತ್ತದೆಂದು ನಂಬುವುದು ಹೇಗೆ? ಅರಿಸಿನದ ಬೇರೆ ಗುಣಗಳ ಬಗ್ಗೆ ನನಗೆ ಗೌರವವಿದೆ. ಬಿಸಿಲಿನ ಕೊಡೆಯಾಗಿ ಅದನ್ನು ನೆಚ್ಚಲಾರೆ.

ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ ಏಳು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದರ ಮೂಲ 2010ರಲ್ಲಿ ಪ್ರಕಟವಾದ ರಾಯಪುರದ ಒಂದು ಅಧ್ಯಯನ. ಅಲ್ಲಿ ಅಳೆದದ್ದು ಮದ್ಯಸಾರದಲ್ಲಿ ಕರಗಿಸಿದ ಎಣ್ಣೆಯನ್ನು, ಯಂತ್ರದೊಳಗೆ. ಯಾರ ಬೆನ್ನಿನ ಮೇಲೂ ಅಲ್ಲ. ನಿಜವಾದ ಎಸ್‌ಪಿಎಫ್ ಪರೀಕ್ಷೆಯಲ್ಲಿ ಮನುಷ್ಯರ ಚರ್ಮದ ಮೇಲೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚಿ, ಕೆಂಪೇರಲು ಬೇಕಾಗುವ ಬೆಳಕು ಎಷ್ಟು ಪಟ್ಟು ಹೆಚ್ಚಿತೆಂದು ನೋಡುತ್ತಾರೆ. ಏಳು ಎಂಬ ಆ ಅಂಕಿಯನ್ನು ಬರೆದವರಿಗಿಂತ, ಅದನ್ನು ಪರೀಕ್ಷಿಸದೆ ಸೀಸೆಯ ಮಾರಾಟಕ್ಕೆ ಬಳಸಿಕೊಂಡವರ ಮೇಲೆ ನನಗೆ ಸಿಟ್ಟು.

ಇನ್ನು ಕೆಲವು ಗಿಡಗಳು ಬಿಸಿಲನ್ನು ತಡೆಯುವುದಿರಲಿ, ಕರೆದು ಒಳಗೆ ಕೂರಿಸುತ್ತವೆ. ಬಾವಂಚಿ ಬೀಜದ ಸೋರಾಲೆನ್ ಅಂಥದ್ದು. ಚರ್ಮದಲ್ಲಿ ಸೇರಿಕೊಂಡ ಮೇಲೆ ಅತಿನೇರಳೆ-ಎ ಕಿರಣ ತಗುಲಿದರೆ ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಆಯುರ್ವೇದ ಇದನ್ನು ತೊನ್ನಿಗೆ ಬಳಸಿತು. ಆಧುನಿಕ ವೈದ್ಯರು ಇದೇ ಕುಲದ ಔಷಧವನ್ನು ಬೆಳಕಿನ ಜೊತೆ ಕೊಟ್ಟು ಸೋರಿಯಾಸಿಸ್‌ಗೆ ಚಿಕಿತ್ಸೆ ಮಾಡಬಹುದೆಂದು 1974ರಲ್ಲಿ ಪ್ರಕಟಿಸಿದರು. ಆ ತಂಡದಲ್ಲಿ ಹಾರ್ವರ್ಡ್‌ನ ಮಧು ಪಾಠಕ್ ಇದ್ದರು. ನನ್ನನ್ನು ಬೆರಗುಗೊಳಿಸುವ ಸಂಗತಿ ಎಂದರೆ, ಮುಂದೆ ಮಧ್ಯ ಅಮೆರಿಕದ ಪಾಲಿಪೋಡಿಯಂ ಎಂಬ ಜರಿಗಿಡದ ಸಾರ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆಯೇ ಎಂದು ಪರೀಕ್ಷಿಸಿದವರಲ್ಲೂ ಅವರಿದ್ದರು. ಒಂದೇ ಆಯುಷ್ಯದಲ್ಲಿ ಬಿಸಿಲನ್ನು ಹರಿತಗೊಳಿಸುವ ಗಿಡ, ಬಿಸಿಲನ್ನು ಮೊಂಡಾಗಿಸುವ ಗಿಡ ಎರಡನ್ನೂ ಬಲ್ಲವರಾದರು. ಆ ಜರಿಗಿಡದ ಸಾರವನ್ನು ಈಗ ಗುಳಿಗೆಯಾಗಿ ನುಂಗುತ್ತಾರೆ. ಉಪಯೋಗವಿದೆ, ಆದರೆ ಲೇಪದ ಬದಲಿಗಲ್ಲ.

ನಿಂಬೆಯ ಸಿಪ್ಪೆಯಲ್ಲೂ ಸೋರಾಲೆನ್ ಬಳಗವಿದೆ. ಕಪ್ಪು ಹೋಗಲೆಂದು ನಿಂಬೆ ತಿಕ್ಕಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು, ಮೊದಲಿಗಿಂತ ಗಾಢವಾದ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ದಯವಿಟ್ಟು ಬೇಡ.

ಟೊಮೆಟೊ ಪ್ರಸ್ತಾಪಿಸದೆ ಮುಂದೆ ಹೋಗಲಾರೆ. 2001ರಲ್ಲಿ ಜರ್ಮನಿಯ ಸಂಶೋಧಕರು ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಆಲಿವ್ ಎಣ್ಣೆಯೊಂದಿಗೆ 10 ವಾರ ತಿನ್ನಿಸಿದಾಗ, ಅತಿನೇರಳೆಗೆ ಚರ್ಮ ಕೆಂಪೇರುವುದು ಶೇಕಡಾ 40ರಷ್ಟು ಕಡಿಮೆ ಕಂಡಿತು. ಲೈಕೋಪೀನ್ ಎಣ್ಣೆಯಲ್ಲಿ ಕರಗುತ್ತದೆ, ಬೇಯಿಸಿದರೆ ಸುಲಭವಾಗಿ ಒದಗುತ್ತದೆ. ಒಗ್ಗರಣೆ ಹಾಕಿದ ನಮ್ಮ ಟೊಮೆಟೊ ಗೊಜ್ಜಿಗೆ ಇದರಿಂದ ಒಂದಿಷ್ಟು ಗೌರವ ಹೆಚ್ಚಲಿ.

ಆದರೂ ಗಿಡದಿಂದ ಬಂದ ಬಿಸಿಲುರಕ್ಷೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಯಾವ ಅಣುವಿಗೂ ಅಲ್ಲ, ತುಳುನಾಡಿನ ಅಡಿಕೆ ಹಾಳೆಯ ಟೋಪಿಗೆ, ಮುಟ್ಟಾಳೆಗೆ. ಎರಡನೆಯದು ಹತ್ತಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಕಳೆ ಕೀಳುವ ನಮ್ಮ ಹೊಲದ ಹೆಂಗಸರು ಕಂಡುಕೊಂಡ ಉಪಾಯಕ್ಕೆ ಚರ್ಮವೈದ್ಯರು ಸೇರಿಸುವುದು ಹೆಚ್ಚೇನಿಲ್ಲ. ಕೂಲಿಗೆ ಜನ ಕರೆಯುವವರಲ್ಲಿ ಒಂದು ವಿನಂತಿ: ಬೇಸಗೆಯಲ್ಲಿ ಕೆಲಸ ಬೆಳಗ್ಗೆ ಬೇಗ ಶುರುವಾಗಲಿ, ಹನ್ನೊಂದರಿಂದ ಮೂರರವರೆಗೆ ಅವರಿಗೆ ನೆರಳು ಸಿಗಲಿ.