ಪರಸ್ಥಳದ ಬಾಳುವೆ

ನಮ್ಮ ವಿಜಾಪುರ ಸೀಮೆಯ ಮಾತಿನಲ್ಲಿ 'ಪರದೇಶಿ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದೊಂದು. ಹಿಂದೆ ಮುಂದೆ ಯಾರೂ ಇಲ್ಲದ ಅನಾಥನು ಎಂಬುದು ಇನ್ನೊಂದು. ಕೂಸು ತಬ್ಬಲಿಯಾದರೆ 'ಪರದೇಶಿಯಾಯಿತು' ಎಂದು ನೆರೆಯವರು ಮರುಗುವರು. ಊರು ಬಿಡುವದಕ್ಕೂ ದಿಕ್ಕುಗೆಡುವದಕ್ಕೂ ಹಿರಿಯರು ಒಂದೇ ಮಾತನ್ನು ಏಕೆ ಬಳಸಿದರೋ! ಲಂಡನ್ ಪಟ್ಟಣದಲ್ಲಿ ಸಂಸಾರ ಹೂಡಿ ಬಹು ವರ್ಷಗಳಾದ ಮೇಲೆ ಈ ಶಬ್ದವನ್ನು ಕುರಿತು ಆಲೋಚಿಸುವ ಪ್ರಸಂಗ ನನಗೆ ಒದಗಿದೆ.

ಕಾರಣವಿಷ್ಟೆ. ಇಂಡಿ ತಾಲೂಕಿನ ಹಳ್ಳಿಯಲ್ಲಿರುವ ತಾಯಿಯವರಿಗೆ ಎಂಬತ್ತು ತುಂಬಿತು. ಅವರು ಇಲ್ಲಿಗೆ ಬರಲೊಲ್ಲರು. ಮಕ್ಕಳ ವಿದ್ಯಾಭ್ಯಾಸವನ್ನು ನಡುವೆ ಕಡಿದು ನಾವು ಅಲ್ಲಿಗೆ ಹೋಗಲಾರೆವು. ನನ್ನ ಪಾಲಿನ ಹೊಲವನ್ನು ಏನು ಮಾಡಬೇಕೆಂದು ತಮ್ಮನು ಕೇಳಿದ್ದಾನೆ. ಇದು ಬರಿಯ ಆಸ್ತಿಯ ಮಾತಾಗಿದ್ದರೆ ಒಂದು ಗಳಿಗೆಯಲ್ಲಿ ಉತ್ತರ ಬರೆಯಬಹುದಿತ್ತು. ಆದರೆ ಅದರ ಹೊಟ್ಟೆಯಲ್ಲಿ ಮತ್ತೊಂದು ಪ್ರಶ್ನೆ ಅಡಗಿದೆ. ಮನುಷ್ಯನು ಹುಟ್ಟಿದ ಊರಿನವನೋ, ಅನ್ನ ಕೊಡುವ ಊರಿನವನೋ?

ಪರಸ್ಥಳಕ್ಕೆ ಹೋಗುವದೆಂದರೆ ಸಮುದ್ರವನ್ನು ದಾಟುವದೆಂದೇ ತಿಳಿಯಬೇಕಾಗಿಲ್ಲ. ಇಂಡಿ, ಸಿಂದಗಿ ಎರಡೂ ಭೀಮಾತೀರದ ನೆರೆಹೊರೆಯ ತಾಲೂಕುಗಳೇ. ಆದರೂ ಬಂಡಿಯ ಕಾಲದಲ್ಲಿ ಇಂಡಿಯಿಂದ ಸಿಂದಗಿಗೆ ಸೊಸೆಯಾಗಿ ಹೋದ ಹೆಣ್ಣುಮಗಳಿಗೆ ತವರು ನನಗೆ ಈಗಿರುವದಕ್ಕಿಂತ ದೂರವಿತ್ತು. ನಾನು ದಿನಾಲು ತಾಯಿಯ ಧ್ವನಿಯನ್ನು ಕೇಳಬಲ್ಲೆ. ಅವಳು ಪಂಚಮಿಯವರೆಗೆ ಅಣ್ಣನ ದಾರಿ ಕಾಯಬೇಕು. ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತು ಅವಳು ತವರನ್ನು ನೆನೆದು ಹಾಡಿದಳು. ಅಂಥ ಹಾಡುಗಳನ್ನು ಹಲಸಂಗಿಯ ಗೆಳೆಯರ ಬಳಗವು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿತು. ಅಕ್ಷರ ಬಾರದ ಆ ತಾಯಂದಿರೇ ನಮ್ಮ ಸೀಮೆಯಲ್ಲಿ ಪರಸ್ಥಳದ ಸಾಹಿತ್ಯವನ್ನು ಮೊದಲು ರಚಿಸಿದವರೆಂದು ನನಗೆ ತೋರುತ್ತದೆ. ತವರಿನಲ್ಲಿಯೇ ಉಳಿದವಳಿಗೆ ತವರಿನ ಹಾಡು ಏತಕ್ಕೆ ಬೇಕು?

ಬಸವನ ಬಾಗೇವಾಡಿಯ ಮಗನ ಬಾಳನ್ನೇ ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಎಳೆವಯಸ್ಸಿನಲ್ಲಿಯೇ ಹುಟ್ಟೂರನ್ನು ಬಿಟ್ಟು ಕೃಷ್ಣಾ-ಮಲಪ್ರಭೆಯರ ಸಂಗಮಕ್ಕೆ ಹೋದರು. ಮುಂದೆ ಬಿಜ್ಜಳನ ಕಲ್ಯಾಣಕ್ಕೆ ಹೋದರು. ಅಲ್ಲಿ ಅಧಿಕಾರ, ಬಳಗ, ಕೀರ್ತಿ ಎಲ್ಲವೂ ಅವರಿಗೆ ದೊರೆತವು. ಆದರೂ ಅವರ ವಚನಗಳಿಗೆ ಅಂಕಿತವಾದದ್ದು ಕೂಡಲಸಂಗಮದೇವನ ಹೆಸರು. ಅದು ಹುಟ್ಟಿದ ಊರಿನದಲ್ಲ, ಅನ್ನ ಕೊಟ್ಟ ಊರಿನದೂ ಅಲ್ಲ. ಅರಿವು ಮೂಡಿದ ಊರಿನದು. ನನ್ನ ಪ್ರಶ್ನೆಯಲ್ಲಿ ಎರಡೇ ಊರುಗಳಿದ್ದವು. ಮೂರನೆಯದೊಂದು ಇರುವದೆಂಬುದನ್ನು ನಾನು ಅವರಿಂದ ತಿಳಿದೆನು.

ಅದೇ ಬಸವಣ್ಣನವರ ಅರ್ಧಪ್ರತಿಮೆಯು 2015ರ ನವೆಂಬರ 14ರಂದು ಇಲ್ಲಿಯ ಥೇಮ್ಸ್ ನದಿಯ ದಂಡೆಯ ಮೇಲೆ ಅನಾವರಣವಾಯಿತು. ಮೈಸೂರಿನಲ್ಲಿ ಹುಟ್ಟಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎ. ಕೆ. ರಾಮಾನುಜನ್ನರು ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ಗ್ರಂಥವನ್ನು ಹೊರಡಿಸಿದರು. ಕನ್ನಡ ಓದಲಾರದ ನನ್ನ ಮಗಳು ಬಾಗೇವಾಡಿಯ ಮಾತನ್ನು ಮೊದಲು ಕಂಡದ್ದು ಆ ಪುಸ್ತಕದಲ್ಲಿ. ನನಗೆ ಸಂತೋಷವೂ ಆಯಿತು, ವ್ಯಸನವೂ ಆಯಿತು. ಅರ್ಥವು ಅವಳಿಗೆ ಮುಟ್ಟಿತು. ಆ ಮಾತನ್ನು ಆಡುವಾಗ ಅಜ್ಜಿಯ ಧ್ವನಿ ಹೇಗೆ ಏರಿಳಿಯುವದೆಂಬುದು ಮಾತ್ರ ಮುಟ್ಟಲಿಲ್ಲ.

ಸೊಲ್ಲಾಪುರದ ಕಡೆಯಿಂದ ಬರುವ ರೈಲುದಾರಿಯಲ್ಲಿ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ನಿಲ್ದಾಣಗಳಿವೆ. ಅಲ್ಲಿ ಇಳಿದವನು ಊರಿನಲ್ಲಿ ಇಳಿದಂತಾಗಲಿಲ್ಲ. ಇನ್ನೂ ಹಲವು ಮೈಲು ಹೋಗಬೇಕು. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟು ಕೂಡ ಇಲ್ಲ. ಅನುವಾದವಾಗಲಿ, ಪರದೇಶದಲ್ಲಿ ಕುಳಿತು ಬರೆದ ಲೇಖನವಾಗಲಿ ಇಂಥದೇ ಒಂದು ನಿಲ್ದಾಣವೆಂದು ಸಮಾಧಾನ ತಾಳುತ್ತೇನೆ. ಮಿಕ್ಕ ದಾರಿಯನ್ನು ಮಗಳು ತಾನೇ ನಡೆಯಬೇಕು.

ಊರನ್ನು ಬಿಟ್ಟವರ ಕಥೆ ಹೀಗಾದರೆ, ಊರೇ ಬಿಟ್ಟುಹೋದವರ ಕಥೆ ಬೇರೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಆಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲನ್ನಿಟ್ಟರು. ಮುಂದೆ ಹಿನ್ನೀರು ಏರಿದಂತೆ ಹಲವು ಹಳ್ಳಿಗಳು ಮುಳುಗಿದವು. ಅಲ್ಲಿಯ ಜನರು ಸಮುದ್ರವನ್ನು ದಾಟಲಿಲ್ಲ. ನೀರೇ ಅವರ ಅಂಗಳಕ್ಕೆ ಬಂದಿತು. ಅವರ ನಷ್ಟದಿಂದ ಕಾಲುವೆಗಳಲ್ಲಿ ನೀರು ಹರಿದು ಬೇರೆಯವರ ಹೊಲಗಳು ಹಸಿರಾದವು. ಮರಳಿ ಹೋಗಲು ಹೊಸ್ತಿಲೇ ಇಲ್ಲದ ಅವರನ್ನು ನೆನೆದಾಗ, ಬೇಕಾದಾಗ ಹೋಗಬಲ್ಲ ನಾನು ಪರದೇಶಿ ಎಂದು ಕೊರಗುವದು ಒಪ್ಪುವ ಮಾತಲ್ಲ.

ಫೋನಿನಲ್ಲಿ ದಿನಾಲು ಮಾತಾಡಿದರೂ ನಾನು ಪ್ರತಿ ರವಿವಾರ ತಾಯಿಯವರಿಗೆ ಕಾಗದ ಬರೆಯುವ ರೂಢಿಯನ್ನು ಬಿಟ್ಟಿಲ್ಲ. ಮಾತಿನಲ್ಲಿ 'ಊಟವಾಯಿತೇ, ಮಳೆಯಾಯಿತೇ' ಎಂಬಷ್ಟರಲ್ಲಿ ಹೊತ್ತು ಹೋಗುತ್ತದೆ. ಬರೆಯಲು ಕುಳಿತರೆ ವಾರದ ಏಳು ದಿನಗಳಲ್ಲಿ ಯಾವುದು ಹೇಳತಕ್ಕದ್ದೆಂದು ಆರಿಸಬೇಕಾಗುತ್ತದೆ; ಆರಿಸುವಾಗ ನನ್ನ ಬಾಳು ನನಗೇ ಕಾಣಿಸುತ್ತದೆ. ತಾಯಿಯವರು ಅದನ್ನು ಕನ್ನಡಕ ಏರಿಸಿ ಮೆಲ್ಲಗೆ ಎರಡು ಸಲ ಓದಿ, ದೇವರ ಮಾಡದಲ್ಲಿ ಇಡುವರಂತೆ.

ಈ ವಾರ ತಮ್ಮನಿಗೂ ಬರೆದೆನು. ಉಳುವವನು ನೀನು; ಹೊಲವು ನಿನ್ನ ಹೆಸರಿಗೇ ಆಗಲಿ. ಎಳ್ಳಮಾವಾಸ್ಯೆಯ ದಿನ ಬಿಳಿಜೋಳದ ಬೆಳೆಯಲ್ಲಿ ಚರಗ ಚೆಲ್ಲುವಾಗ ನನ್ನ ಮಕ್ಕಳ ಹೆಸರು ಹೇಳಿ ಒಂದು ತುತ್ತನ್ನು ಭೂಮಿತಾಯಿಗೆ ಎರಚು. ನನ್ನ ಪಾಲು ಅಷ್ಟೇ ಸಾಕು.

ಹೊಲದ ಪ್ರಶ್ನೆ ಇಲ್ಲಿಗೆ ಮುಗಿಯಿತು. ತಾಯಿಯವರ ಮುಪ್ಪಿನ ಪ್ರಶ್ನೆ ಮಾತ್ರ ಕಾಗದದಿಂದ ಬಗೆಹರಿಯುವಂಥದಲ್ಲ. ಬರುವ ಸುಗ್ಗಿಗೆ ಮಗಳನ್ನು ಕರೆದುಕೊಂಡು ಹೋಗುವದೆಂದು ನಿಶ್ಚಯಿಸಿದ್ದೇನೆ. ಕನ್ನಡ ಬಾರದ ಮೊಮ್ಮಗಳೂ ಇಂಗ್ಲಿಷ್ ಬಾರದ ಅಜ್ಜಿಯೂ ಒಂದು ತಿಂಗಳು ಒಂದೇ ಒಲೆಯ ಮುಂದೆ ಕುಳಿತುಕೊಳ್ಳಲಿ. ನಡುವೆ ನಾನು ದುಭಾಷಿಯಾಗಿ ನಿಲ್ಲುವದಿಲ್ಲ.