ಬುಟ್ಟಿಯಲ್ಲಿ ಚಿನ್ನಿ, ಜೋಗಕ್ಕೆ ನಾವು

ಬೆಕ್ಕನ್ನು ಕಟ್ಟಿಕೊಂಡು ಯಾರಾದರೂ ಊರು ನೋಡಲು ಹೋಗುತ್ತಾರೆಯೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಮ್ಮ ಬೀದಿಯವರೆಲ್ಲ ನಕ್ಕಾಯಿತು. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಒಳಗೆ ಬಂದು ಕೂತು, ನೀರು ಕುಡಿದು, ಮತ್ತೆ ಹೊರಡುವ ಜನ ನಾವು. ಅಂಥದ್ದರಲ್ಲಿ ಬೆಕ್ಕೇ ಜೊತೆಗೆ ಹೊರಟರೆ! “ಒಂದು ಅನುಕೂಲ ಇದೆ ಬಿಡು, ಬುಟ್ಟೀಲಿರೋದು ಅಡ್ಡ ಬರೋ ಹಾಗಿಲ್ಲ” ಎಂದರು ನಮ್ಮ ಮನೆಯವರು.

ನಮ್ಮ ಚಿನ್ನಿ ಎಲ್ಲ ಬೆಕ್ಕುಗಳಂತಲ್ಲ. ಹುಟ್ಟಿದಾಗಿನಿಂದ ತೂರಾಡಿಕೊಂಡೇ ನಡೆಯುತ್ತಾಳೆ. ನಾಲ್ಕು ಹೆಜ್ಜೆಗೊಮ್ಮೆ ಬೀಳುತ್ತಾಳೆ. ಊಟಕ್ಕೆ ಬಾಯಿ ಹಾಕಲು ಹೋದರೆ ತಲೆ ಅಲ್ಲಾಡಿ ಮೂಗು ತಟ್ಟೆಗೆ ಬಡಿಯುತ್ತದೆ. ಪಶುವೈದ್ಯರು ಬಿಡಿಸಿ ಹೇಳಿದರು: ತಾಯಿ ಬೆಕ್ಕು ಬಸುರಿಯಾಗಿದ್ದಾಗ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ತಗಲಿದರೆ ಮರಿಯ ಕಿರುಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಮೈಯ ಸಮತೋಲ ಕಾಯುವುದು ಆ ಕಿರುಮೆದುಳೇ. ಇದಕ್ಕೆ ಔಷಧಿಯಿಲ್ಲ. ಆದರೆ ನೋವೂ ಇಲ್ಲ, ವಯಸ್ಸಾದಂತೆ ಹೆಚ್ಚುವುದೂ ಇಲ್ಲ, ಈ ತೂರಾಟ ಬೇರೆ ಬೆಕ್ಕಿಗೆ ಅಂಟುವುದೂ ಇಲ್ಲ. ಜೋಪಾನ ಮಾಡಿದರೆ ಉಳಿದ ಬೆಕ್ಕುಗಳಷ್ಟೇ ವರ್ಷ ಬಾಳುತ್ತದೆ.

ಜೋಪಾನ ಮಾಡುವವರು ಯಾರು? ಮನೆಯಲ್ಲಿರುವವಳು ತಾನೆ! ನಾಲ್ಕು ವರ್ಷ ನಾನು ಒಂದು ರಾತ್ರಿಯೂ ಹೊರಗೆ ಮಲಗಲಿಲ್ಲ. ಸಾಗರದಲ್ಲಿ ನಾದಿನಿಯ ಗೃಹಪ್ರವೇಶಕ್ಕೆ ಇವರೊಬ್ಬರೇ ಹೋಗಿಬಂದರು. ತಂಗಿಯ ಮೊಮ್ಮಗುವಿನ ನಾಮಕರಣದ ಹೋಳಿಗೆ ಡಬ್ಬಿಯಲ್ಲಿ ಬಂತು. “ಸಂತೆ ಮೈದಾನದಲ್ಲಿ ಬಿಟ್ಟು ಬನ್ರೀ, ನಿಮಗೂ ಸ್ವಲ್ಪ ಬಿಡುವು ಬೇಡವೇ” ಎಂದವರಿದ್ದಾರೆ. ಬಿಡುವು ನನಗೂ ಬೇಕಿತ್ತು, ಸುಳ್ಳೇಕೆ ಹೇಳಲಿ? ಆದರೆ ನೆಟ್ಟಗೆ ನಿಲ್ಲಲಾರದ ಜೀವವನ್ನು ನಾಯಿಗಳ ಬಾಯಿಗೆ ಕೊಟ್ಟು ಪಡೆಯುವ ಬಿಡುವು ಎಂಥದ್ದು?

ಕೊನೆಗೆ ನಾದಿನಿಯೇ ಫೋನ್ ಮಾಡಿದಳು. “ಅತ್ತಿಗೆ, ಚಿನ್ನೀನೂ ಕರ್ಕೊಂಡೇ ಬನ್ನಿ. ಹಿತ್ತಲ ಕೋಣೆ ಖಾಲಿ ಇದೆ. ಜೋಗ ನೋಡ್ಕೊಂಡು ಹೋಗುವಿರಂತೆ.”

ಹದಿನೈದು ದಿನ ಮುಂಚಿನಿಂದಲೇ ತಯಾರಿ. ಮುಚ್ಚಳ ಭದ್ರವಾಗಿರುವ ಬುಟ್ಟಿ ತಂದು, ನನ್ನ ಹಳೇ ನೂಲಿನ ಸೀರೆ ಹಾಸಿ, ಅಡುಗೆಮನೆ ಮೂಲೆಯಲ್ಲಿಟ್ಟೆ. ಊಟ ಅದರೊಳಗೇ. ಮೂರನೇ ದಿನಕ್ಕೆ ಅಲ್ಲೇ ನಿದ್ದೆ ಮಾಡತೊಡಗಿದಳು. ಒಳಗೋಡೆಗೆ ಸುತ್ತ ಬಟ್ಟೆಯ ಸುರುಳಿ ಒತ್ತಾಗಿಟ್ಟೆ. ಬಸ್ಸು ತಿರುವಿನಲ್ಲಿ ವಾಲಿದರೆ ಆಧಾರ ಬೇಕಲ್ಲ! ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿ ಚೀಲಕ್ಕೆ ಹಾಕಿದೆ. ಹೊರಡುವ ನಾಲ್ಕು ಗಂಟೆ ಮೊದಲಿನಿಂದ ಊಟ ಕೊಡಲಿಲ್ಲ, ವಾಂತಿಯಾಗದಿರಲೆಂದು. ನೀರು ಮಾತ್ರ ಕೊಟ್ಟೆ. ಒಂದು ಮಾತು ಮರೆಯಬೇಡಿ: ನಮ್ಮ ಮಾತ್ರೆಗಳನ್ನು ಬೆಕ್ಕಿಗೆ ಕೊಡಲೇಬಾರದು. ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು, ಅದರ ಪ್ರಾಣ ಹೋಗಬಹುದು.

ಬಸ್ಸಿನಲ್ಲಿ ಕಂಡಕ್ಟರು, “ಬುಟ್ಟೀಲಿ ಏನಮ್ಮಾ?” ಎಂದರು. ಬೆಕ್ಕು ಎಂದೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ಟಿಲ್ಲ, ನಿಮಗೆ ಗೊತ್ತೇ ಇದೆ. ಬೆಕ್ಕಿಗೆ ಆ ಭಾಗ್ಯವಿಲ್ಲ. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳು ಪುಕ್ಕಟೆ ಕೂತರೆ, ಅವರ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಹರಿದದ್ದು ಪತ್ರಿಕೆಯಲ್ಲಿ ಬಂದಿತ್ತು. ಚಿನ್ನಿಗೂ ಅರ್ಧ ಟಿಕೆಟ್ ಆಯಿತು. ಮೂವರಲ್ಲಿ ದುಡ್ಡು ಕೊಡದವಳು ನಾನೊಬ್ಬಳೇ!

ಶಿವಮೊಗ್ಗ ದಾಟುವವರೆಗೆ ಕೂಗಿದಳು. ಬುಟ್ಟಿಯ ಮೇಲೆ ಸೆರಗು ಹೊದಿಸಿದೆ, ಕತ್ತಲಾದೊಡನೆ ಸುಮ್ಮನಾದಳು. ಪಕ್ಕದ ಸೀಟಿನ ಹಿರಿಯ ಹೆಂಗಸೊಬ್ಬರು ಕಥೆಯೆಲ್ಲ ಕೇಳಿದರು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಮೆಲ್ಲಗೆ, “ನನ್ನ ಮೊಮ್ಮಗನಿಗೂ ನಡೆಯಕ್ಕಾಗಲ್ಲ. ಜನ ನೋಡ್ತಾರೆ ಅಂತ ನಾವು ಎಲ್ಲಿಗೂ ಕರ್ಕೊಂಡು ಹೋಗಲ್ಲ. ಅವನಿಗೆ ಈಗ ಒಂಬತ್ತು” ಎಂದರು. ನಾನೇನು ಹೇಳಲಿ? ಮಗುವಿಗೂ ಬೆಕ್ಕಿಗೂ ಹೋಲಿಕೆಯೇ? ಅವರ ಕೈ ಹಿಡಿದುಕೊಂಡೆ, ಅಷ್ಟೇ. ಆನಂದಪುರದಲ್ಲಿ ಇಳಿಯುವಾಗ ಅವರೇ, “ಜೋಗದಲ್ಲಿ ನೀರು ಚೆನ್ನಾಗಿದೆಯಂತಾ? ಅವನಿಗೆ ನೀರು ಅಂದ್ರೆ ಪ್ರಾಣ” ಎಂದು ಕೇಳಿದರು.

ಸಾಗರದಿಂದ ಜೋಗಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು. ರಾಜಾ, ರೋರರ್, ರಾಕೆಟ್, ರಾಣಿ ಎಂದು ನಾಲ್ಕು ಕವಲಾಗಿ ಶರಾವತಿ 830 ಅಡಿ ಕೆಳಗೆ ಧುಮುಕುತ್ತಾಳೆ. ಮೇಲೆ 1964ರಲ್ಲಿ ಆದ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಬೇಸಗೆಯಲ್ಲಿ ಬರೀ ಬಂಡೆ ನೋಡಿ ಬರಬೇಕಾಗುತ್ತದೆ. ಮಳೆ ಹಿಂದೆ ಸರಿಯುವ ಕಾಲದಲ್ಲಿ ಹೋಗಿ, ಬೆಕ್ಕಿಗೂ ತಂಪು. ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ ಮೀರಿದೆ ಎಂದೇ ತಿಳಿಯಿರಿ, ತಕ್ಷಣ ನೆರಳಿಗೆ ಒಯ್ಯಿರಿ.

ಅಲ್ಲಿ ಮಂಗಗಳ ಕಾಟ. ಬುಟ್ಟಿಯ ಮುಚ್ಚಳ ತೆಗೆಯುವ ಮಾತೇ ಇಲ್ಲ. ಕೆಳಗಿಳಿಯುವ ಸಾವಿರಕ್ಕೂ ಮಿಕ್ಕ ಮೆಟ್ಟಿಲೂ ನಮಗಲ್ಲ. ಆದ್ದರಿಂದ ಕಟಾಂಜನದ ಬಳಿ ಜಾಗ ಹಿಡಿದು ಸುಮ್ಮನೆ ಕೂತೆವು. ಮೊದಲು ಬರೀ ಮಂಜು. ಹತ್ತು ನಿಮಿಷಕ್ಕೆ ಫೋಟೋ ತೆಗೆಸಿಕೊಂಡು, “ಏನೂ ಕಾಣಲ್ಲ” ಎಂದು ಹೋದವರೆಷ್ಟೋ. ಮುಕ್ಕಾಲು ಗಂಟೆಯಾದ ಮೇಲೆ ಪರದೆ ಸರಿದಂತೆ ಮಂಜು ಸರಿಯಿತು. ಮೊದಲು ಕಂಡವಳು ರಾಣಿ! ಆ ಮೊರೆತಕ್ಕೆ ಬುಟ್ಟಿಯೊಳಗೆ ಎರಡು ಕಿವಿ ನೆಟ್ಟಗಾಗಿದ್ದವು. ಚಿನ್ನಿಯಿಲ್ಲದೆ ಬಂದಿದ್ದರೆ ನಾವೂ ಮಂಜು ನೋಡಿಯೇ ಬಸ್ಸು ಹತ್ತುತ್ತಿದ್ದೆವೇನೋ.

ಮರುದಿನ ಇಕ್ಕೇರಿ. ಅಘೋರೇಶ್ವರ ದೇವಸ್ಥಾನದೊಳಗೆ ಸರದಿಯ ಮೇಲೆ ಹೋದೆವು. ಒಬ್ಬರು ದರ್ಶನಕ್ಕೆ, ಇನ್ನೊಬ್ಬರು ಹೊರಗೆ ಮರದ ಕೆಳಗೆ ಬುಟ್ಟಿ ಕಾಯಲು. ಒಬ್ಬಳೇ ನಿಂತು ಕಲ್ಲಿನ ಕೆತ್ತನೆ ನೋಡುವ ಸುಖ ಎಷ್ಟು ವರ್ಷಗಳ ಮೇಲೆ ಸಿಕ್ಕಿತೋ!

ನಾದಿನಿಯ ಮನೆಯ ನೆಲ ನುಣುಪು, ಕಾಲು ಜಾರುತ್ತಿತ್ತು. ಗೋಣಿಚೀಲ ಹಾಸಿದೊಡನೆ ಹಿಡಿತ ಸಿಕ್ಕಿತು. ಊಟದ ತಟ್ಟೆ ಉರುಳುತ್ತಿದ್ದುದಕ್ಕೆ ಅವಳು ಅಟ್ಟದಿಂದ ಪುಟ್ಟ ಕಲ್ಲುಮರಿಗೆ ಇಳಿಸಿದಳು. ಒಂದು ಮಣೆಯ ಮೇಲೆ ಅದನ್ನಿಟ್ಟರೆ ಅಲುಗಾಡದು, ಮೂಗಿಗೂ ಪೆಟ್ಟಿಲ್ಲ. ಮರಳಿನ ತೊಟ್ಟಿಗೆ ಅಂಚು ಎತ್ತರವಿರಲಿ, ಒರಗಿ ನಿಲ್ಲಲು ಬೇಕು. ಹತ್ತುವ ಕಡೆ ಮಾತ್ರ ತಗ್ಗಿರಲಿ. ಮೊದಲ ದಿನ ಒಂದೇ ಕೋಣೆಯಲ್ಲಿಡಿ. ಮೆಟ್ಟಿಲು, ಬಾವಿಕಟ್ಟೆಗಳ ಕಡೆ ಬಾಗಿಲು ಮುಚ್ಚಿರಲಿ.

ಎಲ್ಲ ಬೆಕ್ಕಿಗೂ ಪ್ರಯಾಣ ಒಗ್ಗುವುದಿಲ್ಲ. ಊಟ ಬಿಟ್ಟು ಮುದುಡಿ ಕೂರುವಂಥದ್ದಾದರೆ ಮನೆಯಲ್ಲೇ ಇರಲಿ. ಅದರ ರೀತಿ ಬಲ್ಲ ಒಬ್ಬರನ್ನು ಮೊದಲೇ ಪಳಗಿಸಿಡಿ. ಒಗ್ಗುವುದಾದರೆ ಮೊದಲು ಹತ್ತಿರದ ಊರಿಗೆ ಒಂದು ಹಗಲು ಹೋಗಿ ಬಂದು ನೋಡಿ. ನಾದಿನಿ ಕಲ್ಲುಮರಿಗೆಯನ್ನು ನಮಗೇ ಕೊಟ್ಟುಬಿಟ್ಟಿದ್ದಾಳೆ. ತಂಗಿಯ ಮನೆಗೆ ದೀಪಾವಳಿಗೆ ಬರುತ್ತೇವೆಂದು ಈಗಾಗಲೇ ಹೇಳಿಯಾಗಿದೆ, ಮೂವರೂ.